ಹಿಂದಿನ ಗೇಟಿನ ರಸ್ತೆಯ ಉದ್ಯಮಿ

ವಿಶ್ವವಿದ್ಯಾಲಯದ ಹಿಂದಿನ ಗೇಟಿನಿಂದ ಹೊರಗೆ ಬಿದ್ದರೆ ಎದುರಿಗೇ ಒಂದು ಮೂರಂತಸ್ತಿನ ಮನೆ. ಅದರೊಳಗೆ ಹದಿನಾಲ್ಕು ಜನ ವಿದ್ಯಾರ್ಥಿಗಳು, ಒಬ್ಬ ಓನರು, ಓನರಿನ ಹೆಂಡತಿ, ಒಬ್ಬಳು ಮಗಳು. ವಿದ್ಯಾರ್ಥಿಗಳಿಗೆ ಒಂಬತ್ತು ಕೋಣೆ. ಓನರಿಗೆ ಬೀದಿ ಕಡೆಯ ಒಂದು ಕೋಣೆ. ಅದಕ್ಕೆ ಆಫೀಸು ಅಂತ ಹೆಸರು. ತಾಯಿ ಮಗಳಿಗೆ ಅಡುಗೆಮನೆಯ ಪಕ್ಕದ ಉಗ್ರಾಣ. ಅಲ್ಲಿ ಅಕ್ಕಿ ಮೂಟೆಗಳು ಮೊದಲು ಮಲಗುತ್ತವೆ, ಮಿಕ್ಕ ಜಾಗದಲ್ಲಿ ಇವರು.

ಓನರ್ ಸಾಹೇಬರು ಬೆಳಿಗ್ಗೆ ಎಂಟೂವರೆಗೆ ಇಸ್ತ್ರಿ ಅಂಗಿ ತೊಟ್ಟು, ತಲೆ ಬಾಚಿ, "ನಾನು ಆಫೀಸಿಗೆ ಹೊರಟೆ ಕಣೇ" ಅಂತ ಒಳಗೆ ಕೂಗಿ ಹೇಳಿ ಹೊರಡುತ್ತಾರೆ. ಹಜಾರ ದಾಟಿದರೆ ಆಫೀಸು ಬಂತು. ಗಾಜು ಹಾಕಿದ ಮೇಜು, ತಿರುಗುವ ಕುರ್ಚಿ, ಮೇಜಿನ ಮೇಲೆ ಪೇಪರು. ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಜಾಹೀರಾತು ಬಿಡದೆ ಓದುತ್ತಾರೆ. ಯಾರಾದರೂ ತಂದೆತಾಯಿ ಮಗನನ್ನು ಬಿಡಲು ಬಂದರೆ, ಕುರ್ಚಿಯನ್ನು ಅರ್ಧ ಸುತ್ತು ತಿರುಗಿಸಿ, "ನಮ್ಮಲ್ಲಿ ಎಲ್ಲಾ ಮನೆ ಥರಾನೇ" ಅನ್ನುತ್ತಾರೆ. ಆ ಒಂದು ವಾಕ್ಯ ಹೇಳಿದ ದಿನ ಮಧ್ಯಾಹ್ನ ಅವರಿಗೆ ದಣಿವು ಜಾಸ್ತಿ.

ಹೆಂಡತಿಗೆ ಬೀದಿಯವರು ಇಟ್ಟ ಹೆಸರು ಗೊಂಚಲಕ್ಕ. ಒಂಬತ್ತು ಕೋಣೆ, ಉಗ್ರಾಣ, ತಾರಸಿ, ಪಂಪಿನ ಪೆಟ್ಟಿಗೆ, ಎಲ್ಲದರ ಬೀಗದಕೈಗಳು ಒಂದೇ ಗೊಂಚಲಾಗಿ ಅವಳ ಸೊಂಟದಲ್ಲಿ ಜೋಲುತ್ತವೆ. ಅವಳು ಮನೆಯ ಯಾವ ಮೂಲೆಯಲ್ಲಿದ್ದಾಳೆ ಅಂತ ಕಣ್ಣಿಂದ ಹುಡುಕಬೇಕಾಗಿಲ್ಲ, ಕಿವಿ ಸಾಕು. ಐದು ಗಂಟೆಗೆ ಆ ಸದ್ದು ಪಂಪಿನ ಹತ್ತಿರ. ಐದೂಕಾಲಿಗೆ ಒಲೆಯ ಮುಂದೆ. ಏಳಕ್ಕೆ ಹದಿನಾಲ್ಕು ತಟ್ಟೆ ತಿಂಡಿ, ಎಂಟಕ್ಕೆ ಆ ಹದಿನಾಲ್ಕು ತಟ್ಟೆ ಪುನಃ ನಲ್ಲಿಯ ಕೆಳಗೆ. ಆಮೇಲೆ ಬಚ್ಚಲ ಕಿಂಡಿಯಿಂದ ಕೂದಲ ಉಂಡೆ ತೆಗೆಯುವುದು, ಒಂಬತ್ತು ಕೋಣೆ ಗುಡಿಸುವುದು, ಹೊದಿಕೆ ನೆನೆಹಾಕುವುದು. ಅಷ್ಟರಲ್ಲಿ ಮಧ್ಯಾಹ್ನದ ಅಕ್ಕಿ ತೊಳೆಯುವ ಹೊತ್ತು. ಯಾರಿಗೋ ಜ್ವರ, ಗಂಜಿ. ಯಾರದೋ ಹಾಲ್ ಟಿಕೆಟ್ ಕಳೆದಿದೆ, ಒಗೆಯುವ ಪ್ಯಾಂಟಿನ ಜೇಬಿನಲ್ಲಿ ಸಿಗುತ್ತದೆ. ಎರಡನೇ ಮಹಡಿಯಲ್ಲಿ ಒಬ್ಬ ಸಂಶೋಧಕ ಒಂಬತ್ತು ವರ್ಷದಿಂದ 'ಶ್ರಮದ ಘನತೆ' ಅನ್ನುವ ವಿಷಯದ ಮೇಲೆ ಪ್ರಬಂಧ ಬರೆಯುತ್ತಿದ್ದಾನೆ. ಅವನ ಮಂಚದ ಕೆಳಗಿಂದ ಒಣಗಿದ ತಟ್ಟೆಗಳನ್ನು ಹೊರಗೆಳೆಯುವುದೂ ಅವಳೇ.

"ಬರೀತಾ ಬರೀತಾ ಮರೆತೇಹೋಯ್ತು ಆಂಟಿ" ಅನ್ನುತ್ತಾನೆ.

"ಪರವಾಗಿಲ್ಲ ಕಣಪ್ಪ. ಘನತೆ ಇದ್ದಲ್ಲೇ ಇರಲಿ, ತಟ್ಟೆ ಕೊಡು."

ಹದಿನೆಂಟು ವರ್ಷದ ಹಿಂದೆ ಇಲ್ಲಿ ವಿಶ್ವವಿದ್ಯಾಲಯವೂ ಇರಲಿಲ್ಲ, ಓನರೂ ಇರಲಿಲ್ಲ. ಇಟ್ಟಿಗೆ ಗೂಡುಗಳಿದ್ದವು. ಸಾಹೇಬರು ಮರದ ಡಿಪೋದಲ್ಲಿ ಗುಮಾಸ್ತರು. ಮನೆ ಅವರಪ್ಪನದು, ಒಂದೇ ಅಂತಸ್ತು. ಗೂಡುಗಳನ್ನು ಕೆಡವಿ ವಿಶ್ವವಿದ್ಯಾಲಯದ ಕಾಂಪೌಂಡು ಕಟ್ಟಿದ ವರ್ಷವೇ ಗೊಂಚಲಕ್ಕನಿಗೆ ಮಗಳು ಹುಟ್ಟಿದ್ದು. ಬಾಣಂತನ ಮುಗಿಯುವ ಮುಂಚೆಯೇ ಇಬ್ಬರು ಹುಡುಗರು ಬಂದು ಕೋಣೆ ಕೇಳಿದರು. ಊಟಾನೂ ಕೊಡ್ತೀರಾ ಅಂದರು. ಕಂಕುಳಲ್ಲಿ ಮಗು ಇಟ್ಟುಕೊಂಡೇ ಅವಳು ಹೂಂ ಅಂದಳು. ಮಾರನೇ ವರ್ಷ ಆರು ಜನ ಆದರು. ಆಗ ಸಾಹೇಬರು ಡಿಪೋ ಕೆಲಸ ಬಿಟ್ಟು, "ಇಷ್ಟು ದೊಡ್ಡ ಉದ್ಯಮ ಯಾರಾದ್ರೂ ನೋಡ್ಕೋಬೇಕಲ್ಲ" ಅಂತ ಕುರ್ಚಿ ತಂದರು. ಅವತ್ತಿಂದ ನೋಡಿಕೊಳ್ಳುತ್ತಲೇ ಇದ್ದಾರೆ.

ಆ ರಸ್ತೆಯ ಕತೆಯೆಲ್ಲ ಹೆಚ್ಚು ಕಡಿಮೆ ಇದೇ. ಪಕ್ಕದ ಮನೆಯಲ್ಲಿ ಇಸ್ತ್ರಿ ಅಂಗಡಿ. ಬೋರ್ಡು ಗಂಡನದು, ಪೆಟ್ಟಿಗೆ ಹಿಡಿಯುವ ಕೈ ಹೆಂಡತಿಯದು. ಅದರಾಚೆ ಝೆರಾಕ್ಸು, ಅದರಾಚೆ ಟೀ, ಅದರಾಚೆ ಇನ್ನೆರಡು ಊಟದ ಮನೆ. ವಿಶ್ವವಿದ್ಯಾಲಯ ಈ ರಸ್ತೆಯನ್ನು ಉದ್ಧಾರ ಮಾಡಿದೆ ಅಂತ ಎಲ್ಲರೂ ಒಪ್ಪುತ್ತಾರೆ. ಒಂದೇ ಒಂದು ಸಣ್ಣ ಕೊರತೆ. ಈ ರಸ್ತೆಯ ಮಕ್ಕಳು ಯಾರೂ ಓದುವುದಕ್ಕೆ ಅಂತ ಆ ಗೇಟು ದಾಟಿಲ್ಲ. ಟಿಫಿನ್ ಕ್ಯಾರಿಯರ್ ಕೊಡಲು ದಾಟಿದ್ದಾರೆ, ಒಗೆದ ಬಟ್ಟೆ ಕೊಡಲು ದಾಟಿದ್ದಾರೆ. ಒಳಗಿನ ಫೀಜು ಈ ಮನೆಗಳ ಕೈಗೆ ಎಟುಕುವಂಥದ್ದಲ್ಲ.

ಗೊಂಚಲಕ್ಕನ ಮಗಳಿಗೆ ಗಣಿತದ ಹುಚ್ಚು. ಓದಲು ಮೇಜು ಕುರ್ಚಿ ಇಲ್ಲ. ಮೆಟ್ಟಿಲ ಮೇಲೆ ಕೂತು, ಹತ್ತಿ ಇಳಿಯುವವರಿಗೆಲ್ಲ ಕಾಲು ಮಡಚಿ ದಾರಿ ಬಿಡುತ್ತಾ ಓದಿದಳು. ಅನ್ನ ಬಡಿಸುವಾಗ, "ಅಣ್ಣಾ, ಇದೊಂದು ಲೆಕ್ಕ ಹೇಳ್ಕೊಡಿ, ಆಮೇಲೆ ಎರಡನೇ ಸಲ ಬಡಿಸ್ತೀನಿ" ಅಂತ ಪಟ್ಟು ಹಿಡಿದು ಹೇಳಿಸಿಕೊಂಡಳು. ಹನ್ನೆರಡನೇ ತರಗತಿಯ ಪರೀಕ್ಷೆಯಲ್ಲಿ ಗಣಿತಕ್ಕೆ ನೂರಕ್ಕೆ ತೊಂಬತ್ತೇಳು.

"ಎದುರುಗಡೆ ಸೇರಿಸೋಣ ರೀ" ಅಂದಳು ಗೊಂಚಲಕ್ಕ, ಕಾಫಿ ಲೋಟ ಗಾಜಿನ ಮೇಜಿನ ಮೇಲಿಡುತ್ತಾ.

"ಎದುರುಗಡೆ ಅಂದ್ರೆ?"

"ಎದುರುಗಡೆ ಅಂದ್ರೆ ಎದುರುಗಡೆ. ಕಿಟಕಿ ತೆಗೆದ್ರೆ ಕಾಣುತ್ತಲ್ಲ, ಅದೇ."

ಸಾಹೇಬರು ಪೇಪರು ಕೆಳಗಿಳಿಸಲಿಲ್ಲ. "ನಾಲ್ಕನೇ ಅಂತಸ್ತು ಎಬ್ಬಿಸೋ ವರ್ಷ ಇದು. ಫೀಜಿಗೆ ಎಲ್ಲಿಂದ ತರ್ಲಿ? ಮನೇಲೇ ಇರ್ಲಿ ಬಿಡು, ನಿನಗೂ ಒಂದು ಕೈ ಆಗುತ್ತೆ."

ಒಂದು ಕೈ. ಆ ಮಾತು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಮೆಟ್ಟಿಲ ಮೇಲೆ ಕೂತಿದ್ದ ಮಗಳಿಗೂ ಕೇಳಿಸಿತ್ತು. ಅವಳು ಪುಸ್ತಕ ಮುಚ್ಚಿ, ಬಟಾಣಿ ಬಿಡಿಸಲು ಕೂತಳು. ಗೊಂಚಲಕ್ಕನಿಗೆ ಮಗಳು ಅತ್ತಿದ್ದರೆ ಸಹಿಸಬಹುದಿತ್ತು. ಆ ಬಟಾಣಿ ಬಿಡಿಸುವ ವೇಗ ನೋಡಿ ಸಂಕಟವಾಯಿತು. ಥೇಟು ತನ್ನದೇ ಕೈ.

ಇದಕ್ಕೆ ಮೂರು ತಿಂಗಳ ಹಿಂದೆ ಒಂದು ಸರ್ವೆ ಆಗಿತ್ತು. ವಿಶ್ವವಿದ್ಯಾಲಯದಿಂದ ಊರಿನ ಆರ್ಥಿಕತೆಗೆ ಎಷ್ಟು ಲಾಭವಾಗಿದೆ ಅಂತ ವಿಶ್ವವಿದ್ಯಾಲಯವೇ ತಿಳಿದುಕೊಳ್ಳಬೇಕು ಅಂದುಕೊಂಡಿತ್ತು. ಕೈಯಲ್ಲಿ ಟ್ಯಾಬ್ ಹಿಡಿದ ಒಬ್ಬಳು ಸರ್ವೆ ಹುಡುಗಿ ಮನೆಮನೆಗೆ ಬಂದಳು. ಇವರ ಆಫೀಸಿಗೂ ಬಂದು ಮೇಜಿನ ಎದುರು ಕೂತಳು. ಹತ್ತು ಪ್ರಶ್ನೆ.

"ದಿನಕ್ಕೆ ಎಷ್ಟು ಅಕ್ಕಿ ಬೇಕಾಗುತ್ತೆ ಸಾರ್?"

ಸಾಹೇಬರು ಕುರ್ಚಿ ತಿರುಗಿಸಿದರು. "ಏನೇ, ಅಕ್ಕಿ?"

ಅಡುಗೆಮನೆಯಿಂದ, ಒಗ್ಗರಣೆಯ ಚಟಪಟದ ನಡುವಿನಿಂದ, "ಐದು ಕಿಲೋ" ಅಂತ ಬಂತು.

"ಐದು ಕಿಲೋ" ಅಂದರು ಸಾಹೇಬರು.

"ಗ್ಯಾಸ್ ಸಿಲಿಂಡರ್ ಎಷ್ಟು ದಿನ ಬರುತ್ತೆ?"

"ಏನೇ?"

"ಆರು ದಿನ."

"ಆರು ದಿನ. ಬರ್ಕೊಳ್ಳಿ."

ಹತ್ತು ಪ್ರಶ್ನೆಯೂ ಹೀಗೇ. ಇದು ಆ ಮನೆಯ ಹದಿನೆಂಟು ವರ್ಷದ ಪದ್ಧತಿ. ಪ್ರಶ್ನೆ ಆಫೀಸಿಗೆ ಬರುತ್ತದೆ, ಒಳಗೆ ಹೋಗುತ್ತದೆ, ಉತ್ತರವಾಗಿ ಹೊರಗೆ ಬರುತ್ತದೆ, ಸಾಹೇಬರ ಬಾಯಿಂದ ಬೀಳುತ್ತದೆ. ಇಬ್ಬರಿಗೂ ಅದು ಎಷ್ಟು ರೂಢಿಯಾಗಿತ್ತೆಂದರೆ, ಒಳಗಿಂದ ಏನೋ ಬಂತು ಅನ್ನುವುದು ಅವರ ಕಿವಿಗೂ ಬೀಳುತ್ತಿರಲಿಲ್ಲ, ತಾನು ಏನೋ ಹೇಳಿದೆ ಅನ್ನುವುದು ಅವಳ ಮನಸ್ಸಿಗೂ ಬರುತ್ತಿರಲಿಲ್ಲ.

"ಕೆಲಸಗಾರರು ಎಷ್ಟು ಜನ?"

ಹತ್ತರ ಮೇಲಿನ ಇದೊಂದಕ್ಕೆ ಮಾತ್ರ ಸಾಹೇಬರು ಒಳಗೆ ಕೇಳಲಿಲ್ಲ. "ಯಾರೂ ಇಲ್ಲ."

"ಮತ್ತೆ ಅಡುಗೆ?"

"ಅದು ಮನೇಲೇ ಆಗುತ್ತೆ."

"ತೊಳೆಯೋದು, ಗುಡಿಸೋದು?"

"ಅದೂ ಆಗುತ್ತೆ."

"ನಿಮ್ಮ ಮನೆಯವರು ಏನು ಮಾಡ್ತಾರೆ?"

"ಏನೂ ಇಲ್ಲ. ಮನೇಲೇ ಇರ್ತಾಳೆ."

ಹುಡುಗಿ ಬೆರಳಾಡಿಸಿದಳು. ಉದ್ಯಮಿ: ಒಬ್ಬರು. ಕೆಲಸಗಾರರು: ಸೊನ್ನೆ. ಗೃಹಿಣಿ, ಅವಲಂಬಿತೆ: ಒಬ್ಬರು. ಆ ಅವಲಂಬಿತೆಯೇ ತಂದುಕೊಟ್ಟ ಕಾಫಿ ಕುಡಿದು, "ತುಂಬಾ ಚೆನ್ನಾಗಿದೆ ಆಂಟಿ" ಅಂತ ಹೊಗಳಿ ಹೋದಳು.

ವರದಿ ಬಣ್ಣದ ಹಾಳೆಯಲ್ಲಿ ಅಚ್ಚಾಯಿತು. ಹನ್ನೊಂದನೇ ಪುಟದಲ್ಲಿ ತಿರುಗುವ ಕುರ್ಚಿಯಲ್ಲಿ ಕೂತ ಸಾಹೇಬರ ಫೋಟೋ, ಕೆಳಗೆ 'ಮಾದರಿ ಸ್ಥಳೀಯ ಉದ್ಯಮಿ' ಅಂತ ಒಕ್ಕಣೆ. ಅವರಿಗೊಂದು ಫಲಕ ಕೊಡುವುದು ಅಂತಲೂ ತೀರ್ಮಾನವಾಗಿತ್ತು. ಸಾಹೇಬರು ಗೋಡೆಯಲ್ಲಿ ಮೊಳೆ ಹೊಡೆದು ಜಾಗ ತಯಾರು ಮಾಡಿದರು. ಮೊಳೆ ಹೊಡೆದದ್ದು ಹೆಂಡತಿ. ಜಾಗ ತೋರಿಸಿದ್ದು ಅವರು.

ಅದೇ ವರದಿಯ ಕೊನೆಯ ಪುಟ ಓದಿ ಹೇಳಿದವನು ಶ್ರಮದ ಘನತೆಯ ಸಂಶೋಧಕ. ತಟ್ಟೆಗೆ ಕೈ ಚಾಚಿದ್ದ ಗೊಂಚಲಕ್ಕನ ಮುಂದೆ ಪುಟ ಹಿಡಿದು, "ಆಂಟಿ, ಇಲ್ಲಿ ನೋಡಿ, ಇಪ್ಪತ್ತು ಸೀಟು ಫ್ರೀ ಕೊಡ್ತಾರಂತೆ. ಹತ್ತು ವರ್ಷಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿಗೆ ಸೇವೆ ಕೊಟ್ಟಿರೋ ಮಹಿಳಾ ಉದ್ಯಮಿಗಳ ಹೆಣ್ಣುಮಕ್ಕಳಿಗೆ" ಅಂದ.

ಗೊಂಚಲಕ್ಕ ತಟ್ಟೆ ಬಿಟ್ಟು ಪುಟದ ಕಡೆ ಬಾಗಿದಳು. "ಯಾರಿಗೆ ಅಂದೆ? ಇನ್ನೊಂದ್ಸಲ ಓದು."

ಓದಿದ. ಆಮೇಲೆ ಕೆಳಗಿನ ಸಣ್ಣಕ್ಷರವನ್ನೂ ಓದಿದ. ಸರ್ವೆಯಲ್ಲಿ ಉದ್ಯಮಿ ಅಂತ ದಾಖಲಾದ ಮಹಿಳೆಯರಿಗೆ ಮಾತ್ರ. ಕೊನೆಯ ದಿನಾಂಕಕ್ಕೆ ಒಂಬತ್ತು ದಿನ ಇತ್ತು.

ಮಾರನೇ ದಿನ ಅವಳು ತಿಂಡಿ ಮುಗಿಸಿ, ತಟ್ಟೆಗಳನ್ನು ಹಾಗೇ ಬಿಟ್ಟು, ಮಗಳನ್ನು ಕರೆದುಕೊಂಡು ಹಿಂದಿನ ಗೇಟಿನಲ್ಲಿ ಒಳಗೆ ಹೋದಳು. ಯೋಜನಾ ವಿಭಾಗದ ಗುಮಾಸ್ತ ಕಂಪ್ಯೂಟರ್ ನೋಡಿ ಹಲ್ಲು ಕಿರಿದ.

"ನಿಮ್ಮ ರಸ್ತೇಲಿ ಮಹಿಳಾ ಉದ್ಯಮಿಗಳು ಸೊನ್ನೆ ಅಮ್ಮಾ. ಇಪ್ಪತ್ತು ಸೀಟೂ ಖಾಲಿ. ಅರ್ಹರೇ ಸಿಕ್ಕಿಲ್ಲ."

"ನಾನಿದೀನಲ್ಲಪ್ಪ."

"ನೀವು ಅವಲಂಬಿತೆ ಅಂತ ಇದೆ."

"ಯಾರನ್ನ ಅವಲಂಬಿಸಿದೀನಿ?"

"ಅದನ್ನ ಕಂಪ್ಯೂಟರ್ ಹೇಳಲ್ಲ." ಅವನು ಕನ್ನಡಕ ಸರಿಮಾಡಿಕೊಂಡು ನಿಯಮ ವಿವರಿಸಿದ. ಒಂದು ಮನೆಗೆ ಒಬ್ಬರೇ ಉದ್ಯಮಿ. ತಿದ್ದುಪಡಿ ಬೇಕಾದರೆ ಈಗ ದಾಖಲಾದ ಉದ್ಯಮಿ ಒಪ್ಪಿ ಸಹಿ ಹಾಕಬೇಕು. ಒಪ್ಪದಿದ್ದರೆ ಸ್ಥಳ ಪರಿಶೀಲನೆ. "ಅವೇ ಹತ್ತು ಪ್ರಶ್ನೆ. ದಾಖಲಾದವರಿಗೇ ಮೊದಲು ಕೇಳ್ತೀವಿ. ಐದಕ್ಕೆ ಸರಿಯಾಗಿ ಹೇಳಿದ್ರೆ ಅವರೇ ಉದ್ಯಮಿ, ಕೇಸು ಖಲಾಸ್. ಹೇಳದಿದ್ರೆ ನಿಮಗೆ ಕೇಳ್ತೀವಿ. ಒಂದೇ ಅವಕಾಶ."

"ಇನ್ನೊಬ್ಬರು ಏನಾಗ್ತಾರೆ?"

"ಸಂಬಳದ ನೌಕರ, ಇಲ್ಲಾ ಅವಲಂಬಿತ. ಎರಡೇ ಖಾನೆ ಇರೋದು."

ಅರ್ಜಿ ಹಿಡಿದು ಅವಳು ನೇರ ಗಂಡನ ಆಫೀಸಿಗೇ ಬಂದಳು. ಸಾಹೇಬರು ಓದಿ ಕೆಂಪಗಾದರು.

"ನಾನು ಅವಲಂಬಿತ? ಏನು ತಮಾಷೆ ಮಾಡ್ತಿದೀಯಾ? ಮುಂದಿನ ತಿಂಗಳು ಫಲಕ ಕೊಡ್ತಾರೆ ನನಗೆ!"

"ಫಲಕದಲ್ಲಿ ಹುಡುಗಿ ಓದಕ್ಕಾಗುತ್ತಾ ರೀ? ಒಂದು ಸಹಿ. ಬರೀ ಕಾಗದದ ಮೇಲೆ."

"ಕಾಗದ ನಾಳೆ ಊರೆಲ್ಲ ಓದುತ್ತೆ. ಹೆಂಡ್ತಿ ದುಡಿಮೇಲಿ ಕೂತು ತಿಂತಾನೆ ಅಂತ ನಗ್ತಾರೆ."

ಗೊಂಚಲಕ್ಕ ಏನೋ ಹೇಳಲು ಬಾಯಿ ತೆರೆದು, ಅವರ ಮುಂದಿದ್ದ ಖಾಲಿ ತಟ್ಟೆ, ಖಾಲಿ ಲೋಟ, ಎರಡನೇ ಲೋಟ, ಎಲ್ಲವನ್ನೂ ಒಂದು ಸಲ ನೋಡಿ, ಬಾಯಿ ಮುಚ್ಚಿಕೊಂಡಳು.

"ಹಾಗಾದ್ರೆ ಪರಿಶೀಲನೆಗೆ ಬರ್ತಾರೆ. ಅವೇ ಹತ್ತು ಪ್ರಶ್ನೆ ಕೇಳ್ತಾರೆ."

ಸಾಹೇಬರ ಮುಖ ಅರಳಿತು. "ಬರ್ಲಿ! ಹೋದ ಸಲ ಹತ್ತಕ್ಕೆ ಹತ್ತು ಹೇಳಿದೋನು ನಾನು. ಆ ಹುಡುಗಿ ಬೆರಗಾಗಿ ಹೋಗಿದ್ಲು."

ಅವರು ಸುಳ್ಳು ಹೇಳುತ್ತಿರಲಿಲ್ಲ. ಹತ್ತಕ್ಕೆ ಹತ್ತು ತಾನೇ ಹೇಳಿದ್ದು ಅಂತ ಆ ಮನುಷ್ಯ ಮನಸಾರೆ ನಂಬಿದ್ದರು. ಆಗ ಗೊಂಚಲಕ್ಕನಿಗೆ ಹೊಳೆಯಿತು: ಅವರನ್ನು ಉದ್ಯಮಿ ಮಾಡಿದ್ದು ಸರ್ವೆ ಹುಡುಗಿಯಲ್ಲ, ತನ್ನದೇ ನಾಲಿಗೆ.

ಪಕ್ಕದ ಮನೆಯ ಇಸ್ತ್ರಿಯವಳ ಹತ್ತಿರ ಇದನ್ನು ಹೇಳಿಕೊಂಡಳು. ಅವಳು ಅಂಗಿಯ ಕಾಲರಿನ ಮೇಲೆ ಪೆಟ್ಟಿಗೆ ಒತ್ತುತ್ತಲೇ ಕೇಳಿ, "ಅಷ್ಟೇ ತಾನೇ ಅಕ್ಕ? ಸುಮ್ಮನಿದ್ದುಬಿಡು" ಅಂದಳು.

"ಸುಮ್ಮನಿರೋದು ನಿನಗೆ ಸುಲಭ ಅನ್ಸುತ್ತಾ? ಅವರು 'ಏನೇ' ಅಂದ್ರೆ ಉತ್ತರ ತಾನಾಗೇ ಜಾರುತ್ತೆ. ನಿದ್ದೇಲಿ ಕೇಳಿದ್ರೂ ಹೇಳಿಬಿಡ್ತೀನಿ."

"ಬಾಯಿಗೆ ನೀರು ತುಂಬ್ಕೋ."

ತಮಾಷೆಗೆ ಅಂದ ಮಾತು. ಆದರೆ ಮಂಗಳವಾರ ಹತ್ತು ಗಂಟೆಗೆ ಸರ್ವೆ ಹುಡುಗಿ ಮೇಜಿನ ಎದುರು ಕೂತು ಟ್ಯಾಬ್ ತೆರೆದಾಗ, ಗೊಂಚಲಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು, ತಂಬಿಗೆ ಎತ್ತಿ, ಬಾಯಿ ತುಂಬ ನೀರು ತುಂಬಿಕೊಂಡಳು. ಕೆನ್ನೆಗಳು ಎರಡು ಚೆಂಡಾದವು. ಮಗಳು ಮೆಟ್ಟಿಲ ಮೇಲಿಂದ ನೋಡಿ, ನಗು ಬಂದರೂ ನಗಲಿಲ್ಲ. ಅವಳ ಕೈ ಮೆಟ್ಟಿಲ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು.

"ಕೋಣೆ ಎಷ್ಟು ಸಾರ್?"

"ಒಂಬತ್ತು!" ಸಾಹೇಬರು ಗತ್ತಿನಿಂದ ಅಂದರು. ಒಂದು ಸರಿ ಬಂತು.

"ದಿನಕ್ಕೆ ಎಷ್ಟು ಅಕ್ಕಿ?"

ಕುರ್ಚಿ ತಿರುಗಿತು. "ಏನೇ, ಅಕ್ಕಿ?"

ಉತ್ತರ ಬರಲಿಲ್ಲ.

"ಏನೇ!"

ನೀರು ನಾಲಿಗೆಯ ಬುಡದಲ್ಲಿ ಅಲುಗಾಡಿತು. ಐದು ಕಿಲೋ ಅನ್ನುವ ಎರಡು ಪದ ಗಂಟಲಿಂದ ಹೊರಟು ಆ ನೀರಿಗೆ ಬಡಿದು ಹಿಂದಕ್ಕೆ ಹೋದವು.

"ಒಳಗೆ ಕೇಳಿಸ್ತಿಲ್ಲ ಅನ್ಸುತ್ತೆ" ಅಂದರು ಸಾಹೇಬರು. "ಬರ್ಕೊಳ್ಳಿ, ಎರಡು ಕಿಲೋ."

"ಹದಿನೇಳು ಜನಕ್ಕಾ ಸಾರ್?"

"ಓದೋ ಮಕ್ಕಳು. ಕಮ್ಮಿ ತಿಂತಾರೆ."

ಅಷ್ಟರಲ್ಲಿ ಮೆಟ್ಟಿಲಿಳಿಯುತ್ತಿದ್ದ ಸಂಶೋಧಕ ನಿಂತು, "ನಾನೊಬ್ಬನೇ ಅರ್ಧ ಕಿಲೋ ತಿಂತೀನಲ್ಲ ಅಂಕಲ್" ಅಂದು, ಒಂಬತ್ತು ವರ್ಷದಲ್ಲಿ ಮೊದಲ ಸಲ ಒಂದು ಉಪಯುಕ್ತ ಮಾಹಿತಿ ಕೊಟ್ಟು ಹೋದ.

"ಸಿಲಿಂಡರ್ ಎಷ್ಟು ದಿನಕ್ಕೆ ಖಾಲಿಯಾಗುತ್ತೆ?"

ಸಾಹೇಬರು ಬಾಗಿಲ ಕಡೆ ನೋಡಿದರು, ಛಾವಣಿಯ ಕಡೆ ನೋಡಿದರು. "ನಮ್ಮಲ್ಲಿ ಅದು ಖಾಲಿಯಾಗಲ್ಲ."

"ಖಾಲೀನೇ ಆಗಲ್ವಾ?"

"ನಾನು ಕಂಡ ಹಾಗೆ ಯಾವತ್ತೂ ಆಗಿಲ್ಲ."

ಹುಡುಗಿ ತುಟಿ ಕಚ್ಚಿಕೊಂಡಳು. "ಯಾವ ವಿದ್ಯಾರ್ಥಿಗೆ ಯಾವ ಆಹಾರ ಒಗ್ಗಲ್ಲ?"

"ಎಲ್ಲರಿಗೂ ಎಲ್ಲಾ ಒಗ್ಗುತ್ತೆ. ಮನೆ ಥರಾನೇ ನೋಡಿ."

ಮೂರನೇ ಕೋಣೆಯ ಹುಡುಗನಿಗೆ ಮೊಟ್ಟೆ ತಾಗಿದರೆ ಮುಖ ಬಾತು ಕಣ್ಣು ಮುಚ್ಚಿಹೋಗುತ್ತದೆ. ಗೊಂಚಲಕ್ಕ ಎರಡು ಸಲ ಅವನನ್ನು ಆಸ್ಪತ್ರೆಗೆ ಓಡಿಸಿಕೊಂಡು ಹೋಗಿದ್ದಾಳೆ. ಈಗ ಹೇಳದೆ ಇರುವುದು ಅಕ್ಕಿಯ ಲೆಕ್ಕ ಹೇಳದೆ ಇದ್ದ ಹಾಗಲ್ಲ. ಅವಳ ಕಣ್ಣಲ್ಲಿ ನೀರು ಬಂತು, ಬಾಯಲ್ಲಿದ್ದದ್ದು ಅಲ್ಲೇ ಇತ್ತು. ನಾಲ್ಕು ಜನರೆದುರು ಗಂಡ ತಡವರಿಸಿದರೆ ಹೆಂಡತಿಯೇ ತಲೆ ತಗ್ಗಿಸಬೇಕು ಅಂತ ಅವಳಿಗೆ ಚಿಕ್ಕಂದಿನಲ್ಲೇ ಕಲಿಸಿದ್ದರು. ಚೆನ್ನಾಗಿಯೇ ಕಲಿಸಿದ್ದರು, ತಲೆ ತಾನಾಗಿ ಬಗ್ಗುತ್ತಿತ್ತು. ಬಗ್ಗಿದರೆ ನೀರು ಚೆಲ್ಲುತ್ತದೆ ಅಂತ ನೆಟ್ಟಗೆ ನಿಂತಳು.

"ಪಂಪಿನ ಸ್ವಿಚ್ ಎಲ್ಲಿದೆ ಸಾರ್? ತೋರಿಸಿದ್ರೆ ಸಾಕು."

ಸಾಹೇಬರು ಎದ್ದರು. ಎದ್ದು ಹಜಾರದ ಗೋಡೆಯ ಮೇಲೆ ಕಂಡ ಸ್ವಿಚ್ಚನ್ನು ಧೈರ್ಯವಾಗಿ ಒತ್ತಿದರು. ಫ್ಯಾನು ತಿರುಗಿತು. ಇನ್ನೊಂದನ್ನು ಒತ್ತಿದರು. ಹೊರಗೆ ಬೋರ್ಡಿನ ದೀಪ ಹತ್ತಿತು. ಹತ್ತು ಪ್ರಶ್ನೆ ಮುಗಿಯುವ ಹೊತ್ತಿಗೆ ಅವರಿಗೆ ಎರಡು ಸರಿ ಬಂದಿದ್ದವು: ಕೋಣೆಗಳ ಸಂಖ್ಯೆ, ಬೋರ್ಡು ಹಾಕಿದ ವರ್ಷ. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

"ಈಗ ನೀವು ಬನ್ನಿ ಆಂಟಿ" ಅಂದಳು ಹುಡುಗಿ.

ಗೊಂಚಲಕ್ಕ ನೀರನ್ನು ಗುಟುಕ್ಕೆಂದು ನುಂಗಿದಳು. ಆಮೇಲೆ ಶುರುವಾದದ್ದು ನಿಲ್ಲಲಿಲ್ಲ. ಅಕ್ಕಿ ಐದು ಕಿಲೋ, ಪರೀಕ್ಷೆಯ ವಾರ ನಾಲ್ಕೂವರೆ, ಹೆದರಿಕೆಗೆ ಊಟ ಸೇರಲ್ಲ. ಸಿಲಿಂಡರ್ ಆರು ದಿನ, ಚಳಿಗಾಲದಲ್ಲಿ ಐದು, ಯಾಕಂದ್ರೆ ಸ್ನಾನಕ್ಕೆ ಬಿಸಿನೀರು ಕದ್ದು ಕಾಯಿಸ್ಕೊಳ್ತಾರೆ. ಮೊಟ್ಟೆ ಮೂರನೇ ಕೋಣೆಯವನಿಗೆ ಆಗಲ್ಲ, ಅವನ ತಟ್ಟೆ ತೊಳೆಯೋ ನಾರೂ ಬೇರೆ ಇಟ್ಟಿದೀನಿ. ಪಂಪಿನ ಸ್ವಿಚ್ ಮೆಟ್ಟಿಲ ಕೆಳಗೆ, ಒತ್ತಿದ್ರೆ ಸಾಲ್ದು, ಒಂದು ಏಟು ಹಾಕ್ಬೇಕು. ಹುಡುಗಿ ಕೇಳಿದ್ದು ಹತ್ತು. ಉತ್ತರ ಮೂವತ್ತರ ಹತ್ತಿರ ಬಂತು.

"ಸಾಕು ಆಂಟಿ, ಸಾಕು! ಇಷ್ಟಕ್ಕೆ ಇದರಲ್ಲಿ ಜಾಗ ಇಲ್ಲ." ಹುಡುಗಿ ನಗುತ್ತಾ ಖಾನೆ ಬದಲಾಯಿಸಿದಳು. "ಉದ್ಯಮಿ ನೀವು. ಈಗ ಸಾರ್ ಅವರನ್ನ ಏನಂತ ಬರೀಲಿ? ನಿಮ್ಮ ಕೈಕೆಳಗೆ ಕೆಲಸ ಮಾಡ್ತಾರಾ? ನೌಕರ ಅಂತ ಹಾಕ್ಲಾ?"

ಗೊಂಚಲಕ್ಕ ಗಂಡನ ಕಡೆ ತಿರುಗಿದಳು. ಮಾತಿನಲ್ಲಿ ಕುಹಕ ಇರಲಿಲ್ಲ, ನಿಜವಾಗಿಯೇ ಕೇಳಿದಳು. "ರೀ, ನೌಕರ ಅಂತ ಬರೆಸ್ಲಾ? ಮರ್ಯಾದೆ ಉಳಿಯುತ್ತೆ. ಬಚ್ಚಲು ತೊಳೆಯೋ ಕೆಲಸ ಇದೆ. ಪಾತ್ರೆದೂ ಇದೆ. ಸಂಬಳ ಕೊಡ್ತೀನಿ."

ಸಾಹೇಬರು ಬಹಳ ಹೊತ್ತು ಯೋಚಿಸಿದರು. ಒಂದು ಕಡೆ ಊರಿನ ನಗು, ಇನ್ನೊಂದು ಕಡೆ ಬಚ್ಚಲು.

"ಅವಲಂಬಿತ ಅಂತಲೇ ಬರ್ಕೊಳ್ಳಮ್ಮ" ಅಂದರು. ಪೇಪರು ಎತ್ತಿಕೊಂಡು ಮುಖಕ್ಕೆ ಅಡ್ಡ ಹಿಡಿದರು.

ಸುದ್ದಿ ಸಂಜೆಯೊಳಗೆ ರಸ್ತೆಯ ಎರಡೂ ತುದಿ ಮುಟ್ಟಿತು. ಮಾರನೇ ದಿನ ಯೋಜನಾ ವಿಭಾಗದ ಮುಂದೆ ಹೆಂಗಸರ ಸಾಲು. ಟೀ ಅಂಗಡಿಯವಳು, ಝೆರಾಕ್ಸಿನವಳು, ಊಟದ ಮನೆಯ ಇಬ್ಬರು ಓರಗಿತ್ತಿಯರು, ಎಲ್ಲರ ಕೈಯಲ್ಲೂ ಅರ್ಜಿ. ಒಬ್ಬನೇ ಒಬ್ಬ ಗಂಡಸು, ಹಾಸಿಗೆ ಬಾಡಿಗೆಗೆ ಕೊಡುವವನು, "ಅವಳೇ ಮಾಡೋದು ಕಣ್ರೀ ಎಲ್ಲಾ" ಅಂತ ತಕರಾರಿಲ್ಲದೆ ಸಹಿ ಹಾಕಿಕೊಟ್ಟ. ಅವನಿಗೆ ಬುದ್ಧಿ ಸ್ವಲ್ಪ ಕಮ್ಮಿ ಅಂತ ಮಿಕ್ಕ ಗಂಡಸರೆಲ್ಲ ಸೇರಿ ತೀರ್ಮಾನಿಸಿದರು. ಉಳಿದ ಮನೆಗಳಲ್ಲಿ ಪರಿಶೀಲನೆಯೇ ಆಗಬೇಕಾಯಿತು. ಸರ್ವೆ ಹುಡುಗಿ ವಾರವಿಡೀ ಆ ರಸ್ತೆಯಲ್ಲೇ ಓಡಾಡಿದಳು. ಮನೆಮನೆಯ ಅಡುಗೆಮನೆ ಬಾಗಿಲಲ್ಲಿ ಕೆನ್ನೆ ಊದಿಸಿಕೊಂಡ ಹೆಂಗಸರು ನಿಂತಿದ್ದರು.

"ನನಗೆ ನೀರು ನಿಲ್ಲಲಿಲ್ಲ ಅಕ್ಕ" ಅಂತ ಇಸ್ತ್ರಿಯವಳು ಬಂದು ಹೇಳಿದಳು, ಹೊಟ್ಟೆ ಹಿಡಿದುಕೊಂಡು. "ರೇಷ್ಮೆಗೆ ಎಷ್ಟು ಕಾವು ಅಂತ ಕೇಳಿದ್ರೆ, 'ಚೆನ್ನಾಗಿ ಕಾದಿರಬೇಕು' ಅಂದ್ರು ನಮ್ಮೋರು! ನಗು ತಡೀಲಾರದೆ ಗಿರಾಕಿ ಕ‌ರ್ಚೀಫನ್ನೇ ಬಾಯಿಗೆ ತುರುಕ್ಕೊಂಡೆ. ಆಮೇಲೆ ಪುನಃ ಒಗೆದು ಇಸ್ತ್ರಿ ಮಾಡಿದೆ, ಪಾಪ."

ನಲವತ್ತೊಂದು ಮನೆಯ ದಾಖಲೆ ತಿದ್ದುಪಡಿಯಾಯಿತು. ಆ ಪೈಕಿ ಸೀಟಿಗೆ ಅರ್ಹ ಹೆಣ್ಣುಮಕ್ಕಳು ಹದಿಮೂರು.

ಪ್ರವೇಶ ಪತ್ರ ಕೊಡುವುದಕ್ಕೆ ಒಂದು ಸಮಾರಂಭ. ಬೆಳಿಗ್ಗೆ ಹನ್ನೊಂದಕ್ಕೆ, ವಿಶ್ವವಿದ್ಯಾಲಯದ ದೊಡ್ಡ ಸಭಾಂಗಣದಲ್ಲಿ. ನಲವತ್ತೊಂದು ಹೆಂಗಸರೂ ಹೋದರು. ಮೆತ್ತನೆಯ ಕುರ್ಚಿಯಲ್ಲಿ ಬೆನ್ನು ತಾಗಿಸದೆ, ಈಗಲೋ ಆಗಲೋ ಏಳುವವರ ಹಾಗೆ ತುದಿಯಲ್ಲಿ ಕೂತರು. ಸಾಹೇಬರೂ ಬಂದಿದ್ದರು. ಅವಲಂಬಿತರಿಗೆ ಹಿಂದಿನ ಸಾಲು.

ಕುಲಪತಿಗಳು ಮಾತಿಗೆ ನಿಂತರು. ಜ್ಞಾನ, ಸಮಾಜ, ಸಹಭಾಗಿತ್ವ ಎಲ್ಲ ಆದ ಮೇಲೆ ಅವರ ಧ್ವನಿ ಏರಿತು. "ನಿಮಗೊಂದು ಸಂತೋಷದ ಸಂಗತಿ ಹೇಳ್ತೀನಿ. ನಮ್ಮ ಪರಿಷ್ಕೃತ ಅಧ್ಯಯನದ ಪ್ರಕಾರ, ಹಿಂದಿನ ಗೇಟಿನ ಆ ಒಂದೇ ರಸ್ತೆಯಲ್ಲಿ, ಕಳೆದ ಒಂದೇ ತಿಂಗಳಲ್ಲಿ, ನಮ್ಮ ವಿಶ್ವವಿದ್ಯಾಲಯ ನಲವತ್ತೊಂದು ಮಹಿಳೆಯರಿಗೆ ಹೊಸದಾಗಿ ಉದ್ಯೋಗ ಸೃಷ್ಟಿಸಿದೆ!"

ವೇದಿಕೆಯ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

"ಅಕ್ಕ" ಅಂತ ಇಸ್ತ್ರಿಯವಳು ಮೊಣಕೈಯಿಂದ ತಿವಿದಳು. "ನಮಗೆ ಹೋದ ತಿಂಗಳು ಕೆಲಸ ಸಿಕ್ತಂತೆ."

"ಹೌದಂತೆ ಕಣೇ. ಅಲ್ಲಿ ತನಕ ಏನು ಮಾಡ್ಕೊಂಡು ಬಿದ್ದಿದ್ವೋ!"

ಹೆಸರು ಕರೆದರು. ಮಗಳು ವೇದಿಕೆ ಹತ್ತಿ ಪತ್ರ ತೆಗೆದುಕೊಂಡು ಇಳಿದು ಬಂದಳು. ಗೊಂಚಲಕ್ಕ ಪತ್ರ ಮುಟ್ಟಲಿಲ್ಲ, ಮಗಳ ಕೈಯಲ್ಲೇ ಇರಿಸಿ ಕೇಳಿದಳು.

"ಗಣಿತ ಅಂತ ಇದೆಯಾ?"

"ಇದೆಯಮ್ಮ."

"ಸೀಲು, ಸಹಿ?"

"ಎರಡೂ ಇದೆ."

"ಇನ್ನು ಅವರು ವಾಪಸ್ ತಗೊಳ್ಳೋಕಾಗುತ್ತಾ?"

ಮಗಳು ಹಿಂದೆ ಮುಂದೆ ತಿರುಗಿಸಿ ಪೂರ್ತಿ ಓದಿದಳು. "ಇಲ್ಲಮ್ಮ, ಆಗಲ್ಲ."

"ಬ್ಯಾಗಿನೊಳಗೆ ಹಾಕು. ಜಿಪ್ ಎಳಿ."

ಜಿಪ್ ಎಳೆದ ಸದ್ದು ಕೇಳಿಸಿಕೊಂಡು ಗೊಂಚಲಕ್ಕ ಎದ್ದು ನಿಂತಳು. ಸೊಂಟದ ಬೀಗದಕೈಗಳು ಗಲ್ಲೆಂದವು, ಮೊದಲ ಸಾಲಿನವರೆಲ್ಲ ತಿರುಗಿ ನೋಡಿದರು.

"ಸಾರ್, ಒಂದು ಮಾತು."

"ಹೇಳಿಯಮ್ಮ" ಅಂದರು ಕುಲಪತಿಗಳು ಪ್ರಸನ್ನರಾಗಿ. ಕೃತಜ್ಞತೆ ಸ್ವೀಕರಿಸಲು ಅವರು ಮೈಕಿನಿಂದ ಅರ್ಧ ಹೆಜ್ಜೆ ಹಿಂದೆ ಸರಿದರು ಕೂಡ.

"ನಮಗೆಲ್ಲ ಕೆಲಸ ಕೊಟ್ಟಿದ್ದು ನೀವು ಅಂದ್ರಲ್ಲ. ನಮಗೆ ಗೊತ್ತೇ ಇರ್ಲಿಲ್ಲ. ಹಾಗಾದ್ರೆ ವಾರದ ರಜಾ ಯಾವತ್ತು ಅಂತ ಹೇಳಿಬಿಡಿ."

ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಅದು ಈ ತುದಿಯಿಂದ ಆ ತುದಿಗೆ ಹರಿಯಿತು.

ಕುಲಪತಿಗಳು ಗಂಟಲು ಸರಿಪಡಿಸಿಕೊಂಡರು. "ಒಳ್ಳೇ ಪ್ರಶ್ನೆ. ಬಹಳ ಒಳ್ಳೇ ಪ್ರಶ್ನೆ. ಮನೆಯೇ ಕೆಲಸದ ಜಾಗ ಆದಾಗ ರಜೆ ಅನ್ನೋದು ಸ್ವಲ್ಪ ಸೂಕ್ಷ್ಮ ವಿಚಾರ. ಅದರ ಬಗ್ಗೆ ಒಂದು ಪ್ರತ್ಯೇಕ ಅಧ್ಯಯನ ಮಾಡಿಸೋಣ."

"ಮಾಡ್ಸಿ ಸಾರ್, ನಿಧಾನಕ್ಕೆ ಮಾಡ್ಸಿ" ಅಂದಳು ಗೊಂಚಲಕ್ಕ. "ಅದು ಮುಗಿಯೋ ತನಕ ಭಾನುವಾರ ಅಂತ ಇಟ್ಕೊಂಡಿರ್ತೀವಿ. ನಲವತ್ತೊಂದು ಜನಾನೂ."

ಅವಳು ಕೂತಳು. ಈ ಸಲ ಬೆನ್ನು ತಾಗಿಸಿ ಕೂತಳು.

ಹಿಂದಿನ ಗೇಟಿನ ರಸ್ತೆಯಲ್ಲಿ ಉಂಡು, ಉಟ್ಟು, ಮಲಗುವ ವಿದ್ಯಾರ್ಥಿಗಳು ಆರುನೂರ ಚಿಲ್ಲರೆ ಅಂತ ವರದಿಯಲ್ಲೇ ಇತ್ತು. ಕುಲಪತಿಗಳ ಮುಖದಲ್ಲಿ ಆ ಅಂಕಿ ನಿಧಾನವಾಗಿ ಮೇಲೆ ಬಂತು. ಮೈಕಿಗೆ ಅಂಗೈ ಅಡ್ಡ ಹಿಡಿದು ಅವರು ಪಕ್ಕದ ಕುಲಸಚಿವರ ಕಡೆ ಬಾಗಿದರು.

"ಇವತ್ತು ಯಾವ ವಾರ ರೀ?"

ಶನಿವಾರ.